ಮೆಂಗಾ ಕಲ್ಮನೆಯ ದಿಕ್ಕನ್ನು ನಾನು ಅಳೆದ ಬಗೆ

ಸ್ಪೇನಿನ ಅಂತೆಕೇರಾದಲ್ಲಿರುವ ಮೆಂಗಾ ಕಲ್ಮನೆ, ಅಂದರೆ ದೊಡ್ಡ ಬಂಡೆಗಳಿಂದ ಕಟ್ಟಿದ ಪ್ರಾಚೀನ ಸಮಾಧಿ (ಡಾಲ್ಮೆನ್), ಕ್ರಿ.ಪೂ. 4ನೆಯ ಸಹಸ್ರಮಾನದ್ದು. ಅದರ ಗೋಡೆಗಲ್ಲುಗಳು ಗೆರೆ ಎಳೆದಷ್ಟು ನೇರವಾಗಿಲ್ಲ. ಆದ್ದರಿಂದ ಯಾವುದೋ ಒಂದು ಕಲ್ಲಿನ ಅಂಚನ್ನು ನೆಚ್ಚದೆ, ಎದುರುಬದುರು ನಿಂತ ಕಲ್ಲುಗಳ ನಡುಬಿಂದುಗಳನ್ನು ಒಳಗಿನಿಂದ ಬಾಗಿಲವರೆಗೂ ಗುರುತಿಸುತ್ತ ಬಂದು, ಅವುಗಳ ಮೂಲಕ ಹಾಯುವ ರೇಖೆಯನ್ನೇ ಅಕ್ಷವೆಂದು ಹಿಡಿದೆ. ಕಾಂತಸೂಚಿ ತೋರಿಸುವುದು ನಿಜವಾದ ಉತ್ತರ ದಿಕ್ಕನ್ನಲ್ಲವಾದ್ದರಿಂದ, ಕೋನ ಅಳೆಯುವ ದೂರದರ್ಶಕವಾದ ಥಿಯೊಡೊಲೈಟಿಗೆ ಸೂರ್ಯನ ಪ್ರಖರತೆ ತಗ್ಗಿಸುವ ಸೌರಶೋಧಕ ಹಾಕಿ ಸೂರ್ಯನ ಸ್ಥಾನವನ್ನೂ ಆ ಕ್ಷಣದ ಸಮಯವನ್ನೂ ದಾಖಲಿಸಿ, ಉತ್ತರ ದಿಕ್ಕನ್ನು ಲೆಕ್ಕದಿಂದ ಪಡೆದೆ.

ಅನಂತರದ ಕೆಲಸ ದಿಗಂತದ್ದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮೆಂಗಾ ಇರುವ 37 ಡಿಗ್ರಿ ಅಕ್ಷಾಂಶದಲ್ಲಿ ಎದುರಿನ ಬೆಟ್ಟದ ಸಾಲು ಒಂದು ಡಿಗ್ರಿ ಎತ್ತರವಾಗಿದ್ದರೆ, ಜೂನ್ ತಿಂಗಳ ಸೂರ್ಯ ಕಾಣಿಸಿಕೊಳ್ಳುವ ಜಾಗ ಸುಮಾರು 0.9 ಡಿಗ್ರಿಯಷ್ಟು, ಅಂದರೆ ಸೂರ್ಯಬಿಂಬದ ಅಗಲದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ದಕ್ಷಿಣಕ್ಕೆ ಸರಿಯುತ್ತದೆ. ಹಾಗಾಗಿ ನಕ್ಷೆಯ ಮೇಲೆ ಗೆರೆ ಎಳೆದು ಮಾತ್ರ ಆಕಾಶದ ಸಂಬಂಧವನ್ನು ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ.

ಮೆಂಗಾದ ಬಾಗಿಲು ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ ಸುಮಾರು 45 ಡಿಗ್ರಿಗೆ, ಅಂದರೆ ಈಶಾನ್ಯಕ್ಕೆ, ಮುಖ ಮಾಡಿದೆ. ಇಲ್ಲಿ ಸೂರ್ಯ ಉತ್ತರದ ತುತ್ತತುದಿಯಲ್ಲಿ ಹುಟ್ಟುವುದು 60 ಡಿಗ್ರಿಯ ಆಸುಪಾಸಿನಲ್ಲಿ. ಭೂಮಿಯ ಅಕ್ಷದ ಓರೆ 24 ಡಿಗ್ರಿಯಿದ್ದ ಆ ಕಾಲದಲ್ಲಿಯೂ ಇದು ಒಂದು ಡಿಗ್ರಿಯಷ್ಟೂ ಬೇರೆಯಾಗಿರಲಿಲ್ಲ. 18.6 ವರ್ಷಕ್ಕೊಮ್ಮೆ ತನ್ನ ಉತ್ತರದ ಎಲ್ಲೆ ಮುಟ್ಟುವ ಚಂದ್ರನೂ ಸುಮಾರು 53 ಡಿಗ್ರಿಗಿಂತ ಉತ್ತರಕ್ಕೆ ಹುಟ್ಟುವುದಿಲ್ಲ. ಹೀಗೆ ಹುಟ್ಟುವ ಸೂರ್ಯನಾಗಲಿ ಚಂದ್ರನಾಗಲಿ ಎದುರಾಗದ ಆ ಬಾಗಿಲಿನಿಂದ ಕಾಣುವುದು ಪೆನ್ಯಾ ದೆ ಲೋಸ್ ಎನಮೊರಾದೋಸ್ ಎಂಬ ಬೆಟ್ಟ: ಬಯಲಿನ ನಡುವೆ ಮುಖ ಮೇಲೆ ಮಾಡಿ ಮಲಗಿದ ಮನುಷ್ಯನ ತಲೆಯಂತಿರುವ ಸುಣ್ಣಕಲ್ಲಿನ ಗುಡ್ಡ. ಅದರ ಉತ್ತರದ ಕಡಿದಾದ ಬಂಡೆಯ ಕಡೆಗೇ ಅಕ್ಷ ಹೋಗುತ್ತದೆ, ಅಲ್ಲಿನ ಕಲ್ಲಾಸರೆಯಲ್ಲಿ ಪ್ರಾಚೀನ ವರ್ಣಚಿತ್ರಗಳಿವೆ.

ಪಕ್ಕದಲ್ಲೇ ಇರುವ ವಿಯೇರಾ ಕಲ್ಮನೆಯಾದರೋ ಪೂರ್ವಕ್ಕೆ, ವಿಷುವದ, ಅಂದರೆ ಹಗಲಿರುಳು ಸಮನಾದ ದಿನದ, ಸೂರ್ಯೋದಯದ ಸಮೀಪಕ್ಕೆ ತೆರೆದುಕೊಂಡಿದೆ. ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯದಲ್ಲಿ ಖಗೋಳ ಇತಿಹಾಸಕಾರ ಮೈಕೆಲ್ ಹಾಸ್ಕಿನ್ ಅಳೆದ, ಏಳೇಳು ಕಲ್ಲುಗಳಿಂದ ಕಟ್ಟಿದ 177 ಸಮಾಧಿಗಳೂ ಸೂರ್ಯೋದಯದ ವ್ಯಾಪ್ತಿಯೊಳಗೇ ಮುಖ ಮಾಡಿವೆ. ಅಷ್ಟು ದೊಡ್ಡ ಗುಂಪಿನ ಒಮ್ಮತ ಕಾಕತಾಳೀಯವಾಗಲಾರದು. ಒಂಟಿ ಸ್ಮಾರಕವೊಂದರ ಹೊಂದಾಣಿಕೆಗೆ ಆ ಬಲವಿಲ್ಲ. ಆದ್ದರಿಂದಲೇ ನಾನು ಪ್ರತಿ ದಾಖಲೆಯಲ್ಲೂ ದಿಕ್ಕಿನ ಪಕ್ಕದಲ್ಲಿ ದಿಗಂತದ ಎತ್ತರವನ್ನೂ ಅಲ್ಲಿ ಕಾಣುವ ಬೆಟ್ಟದ ಹೆಸರನ್ನೂ ಬರೆದ ಮೇಲೆಯೇ ಸೂರ್ಯಚಂದ್ರರ ಲೆಕ್ಕಕ್ಕೆ ಕೈಹಾಕುತ್ತೇನೆ.