ಆರಂಭಿಕ ಮಧ್ಯಯುಗದ ಪುರಾತತ್ವಕ್ಕೆ ಇಳಿಯೋದು ಹೇಗೆ? ರೋಸ್‌ಮೇರಿ ಕ್ರ್ಯಾಂಪ್ ನಡೆದ ದಾರಿ ನೋಡಿ

ಬ್ರಿಟನ್‌ನಲ್ಲಿ ರೋಮನ್ ಆಡಳಿತ ಮುಗಿದ 5ನೇ ಶತಮಾನದಿಂದ 1066ರ ನಾರ್ಮನ್ ದಾಳಿವರೆಗಿನ ಕಾಲ ಇದ್ಯಲ್ಲ, ಅದನ್ನ ಅಗೆಯೋಕೆ ಹೋದ್ರೆ ದೊಡ್ಡ ಕಂಬ, ಮೊಸಾಯಿಕ್ ನೆಲ ಅಂತೆಲ್ಲಾ ಆಸೆ ಇಟ್ಕೋಬೇಡಿ. ಹೆಚ್ಚಿನ ಜನ ಮನೆ ಕಟ್ಟಿದ್ದು ಮರದಲ್ಲಿ, ಮರ ಕೊಳೆತು ಹೋಯ್ತು, ಉಳಿದಿರೋದು ಮಣ್ಣಲ್ಲಿ ಒಂದು ಕಪ್ಪು ಕಲೆ ಅಷ್ಟೇ. ಆ ಕಲೆ ಓದೋದನ್ನ ಕಲೀಬೇಕು ಅನ್ನೋರಿಗೆ ನಾನು ಹೇಳೋದು, ಮೊದ್ಲು ಬ್ರಿಟನ್ನಿನ ಪುರಾತತ್ವಜ್ಞೆ ರೋಸ್‌ಮೇರಿ ಕ್ರ್ಯಾಂಪ್ ಅವರ ಬದುಕು ತಿಳ್ಕೊಳ್ಳಿ. 1929ರಲ್ಲಿ ಲೆಸ್ಟರ್‌ಶೈರ್‌ನಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡ್ರು, ಕೊನೇವರೆಗೂ ಇದೇ ಕಾಲದ ಜೊತೆ ಬದುಕಿದವರು.

ಮೊದಲ್ನೇದು ಭಾಷೆ. ಕ್ರ್ಯಾಂಪ್ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ, ಅಲ್ಲೇ ಸ್ವಲ್ಪ ಕಾಲ ಪಾಠಾನೂ ಮಾಡಿದ್ರು, 1955ರಲ್ಲಿ ಉತ್ತರ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಕ್ಕೆ ಬಂದ್ರು. 1957ರಲ್ಲೇ ಬೇವುಲ್ಫ್ ಅನ್ನೋ ಹಳೇ ಇಂಗ್ಲಿಷ್ ವೀರಕಾವ್ಯದಲ್ಲಿ ಬರೋ ವಸ್ತುಗಳನ್ನ ನಿಜವಾಗ್ಲೂ ಮಣ್ಣಿಂದ ಸಿಕ್ಕಿದ ವಸ್ತುಗಳ ಪಕ್ಕ ಇಟ್ಟು ಲೇಖನ ಬರೆದ್ರು. ಹಾಗಾಗಿ ಹಳೇ ಇಂಗ್ಲಿಷ್, ಲ್ಯಾಟಿನ್ ಎರಡನ್ನೂ ಸ್ವಲ್ಪನಾದ್ರೂ ಕಲೀರಿ, ಆಮೇಲೆ ಕಲ್ತರಾಯ್ತು ಅಂತ ಬಿಟ್ರೆ ಆಗಲ್ಲ. ಆದ್ರೆ ಒಂದು ಎಚ್ಚರ, ಪುಸ್ತಕದಲ್ಲಿ ಹೀಗಿದೆ ಅಂತ ಮಣ್ಣಲ್ಲಿ ಅದನ್ನೇ ಹುಡುಕೋಕೆ ಹೋಗ್ಬೇಡಿ, ಮಣ್ಣು ಏನು ಹೇಳತ್ತೋ ಅದನ್ನ ಮೊದ್ಲು ಬರ್ಕೊಳ್ಳಿ.

ಇನ್ನು ಅಗೆತ. ಯಾವುದಾದ್ರೂ ಅನುಮತಿ ಇರೋ ಉತ್ಖನನದಲ್ಲಿ ವಾಲಂಟಿಯರ್ ಆಗಿ ಸೇರ್ಕೊಂಡೇ ಕಲೀಬೇಕು, ಒಬ್ರೇ ಗುದ್ದಲಿ ಹಿಡ್ಕೊಂಡು ಹೋಗೋ ಕೆಲಸ ಅಲ್ವೇ ಅಲ್ಲ. ಕಂಬದ ಗುಂಡಿ ಅಂದ್ರೆ ಮರದ ಕಂಬ ನಿಂತಿದ್ದ ಜಾಗ. ಟ್ರೋವೆಲ್ ಅನ್ನೋ ಪುಟ್ಟ ಕರಣೆಯಿಂದ ನೆಲಾನ ಸಮವಾಗಿ ಕೆರೀರಿ, ಒಣಗಿದ್ರೆ ಮೇಲೆ ನೀರು ಸಿಂಪಡಿಸಿ, ಆಗ ದುಂಡಗೆ ಒಂದು ಕಲೆ ಎದ್ದು ಕಾಣತ್ತೆ. ತಕ್ಷಣ ಪೂರ್ತಿ ತೋಡಿಬಿಡ್ಬೇಡಿ! ಅರ್ಧ ಮಾತ್ರ ತೆಗೆದು, ನಿಂತಿರೋ ಮಣ್ಣಿನ ಗೋಡೆಯಲ್ಲಿ ಪದರಗಳನ್ನ ನೋಡಿ, ಚಿತ್ರ ಬರೆದು, ಫೋಟೋ ತೆಗೆದು, ಆಮೇಲೇ ಇನ್ನರ್ಧ. ಒಂದ್ಸಲ ತೆಗೆದ ಮಣ್ಣನ್ನ ಹಾಗೇ ವಾಪಸ್ ಇಡೋಕಾಗಲ್ಲ, ಇದು ಮನಸ್ಸಲ್ಲಿ ಕೂತ್ಕೊಂಡ್ರೆ ಅರ್ಧ ಕೆಲಸ ಕಲ್ತ ಹಾಗೆ.

ಕ್ರ್ಯಾಂಪ್ ಅವರ ದೊಡ್ಡ ಕೆಲಸ ಈಶಾನ್ಯ ಇಂಗ್ಲೆಂಡಿನ ಮಂಕ್‌ವೇರ್‌ಮೌತ್ ಮತ್ತು ಜ್ಯಾರೋ ಮಠಗಳದ್ದು, ಬೀಡ್ ಅನ್ನೋ ಸನ್ಯಾಸಿ ಇತಿಹಾಸ ಬರ್ಕೊಂಡು ಬದುಕಿದ್ದ ಜಾಗ. ಮಂಕ್‌ವೇರ್‌ಮೌತ್‌ನಲ್ಲಿ ಅಗೆತ ಶುರುವಾಗಿದ್ದು 1959ರಲ್ಲಿ, ಜ್ಯಾರೋದಲ್ಲಿ 1963ರಲ್ಲಿ. ಮಠ ಕಟ್ಟಿಸಿದ ಬೆನೆಡಿಕ್ಟ್ ಬಿಸ್ಕಪ್ ಗಾಲ್ ದೇಶದಿಂದ, ಅಂದ್ರೆ ಈಗಿನ ಫ್ರಾನ್ಸ್ ಕಡೆಯಿಂದ, ಗಾಜಿನ ಕೆಲಸದವ್ರನ್ನ ಕರೆಸಿದ ಅಂತ ಬೀಡ್ ಬರೆದಿದ್ದ, ಅಗೆದಾಗ ನಿಜವಾಗ್ಲೂ ಬಣ್ಣದ ಕಿಟಕಿ ಗಾಜಿನ ಚೂರುಗಳು ಸಿಕ್ವು. ನನಗಂತೂ ಈ ಮಾತು ಓದಿದಾಗೆಲ್ಲಾ ಮೈ ಜುಮ್ಮನ್ನತ್ತೆ. ಇಂಥ ಚೂರು ಕಣ್ತಪ್ಪಿಸ್ಕೊಂಡು ಹೋಗೋದು ಬಹಳ ಸುಲಭ, ಅದಕ್ಕೇ ತೆಗೆದ ಮಣ್ಣನ್ನ ಜರಡಿ ಹಿಡೀರಿ, ಸಿಕ್ಕಿದ ಪ್ರತಿ ಚೂರನ್ನೂ ಬೇರೆ ಚೀಲಕ್ಕೆ ಹಾಕಿ, ಯಾವ ಪದರದ್ದು ಅಂತ ಆ ಗಳಿಗೆಲೇ ಬರೀರಿ, ಸಂಜೆ ಬರೀತೀನಿ ಅಂದ್ರೆ ಮರ್ತುಹೋಗತ್ತೆ.

ಕಲ್ಲುಗಳನ್ನ ಕಡೆಗಣಿಸ್ಬೇಡಿ. ಆ ಕಾಲದ ಕೆತ್ತನೆ ಇರೋ ಶಿಲುಬೆ ತುಂಡುಗಳು ಎಷ್ಟೋ ಕಡೆ ಆಮೇಲಿನ ಚರ್ಚ್ ಗೋಡೆಗಳ ಒಳಗೇ ಸೇರ್ಕೊಂಡಿವೆ. ಕ್ರ್ಯಾಂಪ್ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ (ನಾರ್ಮನ್ನರಿಗಿಂತ ಮುಂಚಿನ ಇಂಗ್ಲಿಷ್ ಜನರ) ಶಿಲ್ಪಗಳನ್ನೆಲ್ಲಾ ಒಂದೊಂದಾಗಿ ದಾಖಲಿಸೋ ಯೋಜನೆ ಶುರು ಮಾಡಿದ್ರು, ಮೊದಲ ಸಂಪುಟ 1984ರಲ್ಲಿ ಬಂತು. ನೀವೂ ಹಾಗೇ ಮಾಡಿ: ಎತ್ತರ, ಅಗಲ, ದಪ್ಪ ಅಳೀರಿ, ಕಲ್ಲು ಯಾವ ಜಾತಿ ನೋಡಿ, ನಾಲ್ಕೂ ಮುಖದ ಫೋಟೋ ತೆಗೀರಿ, ಟಾರ್ಚ್ ಬೆಳಕನ್ನ ಪಕ್ಕದಿಂದ ಓರೆಯಾಗಿ ಬಿಡಿ, ಸವೆದು ಹೋದ ಗಂಟು ಬಳ್ಳಿಗಳು ನೆರಳಲ್ಲಿ ಎದ್ದು ಬರ್ತವೆ.

ಕೊನೇದು ತಾಳ್ಮೆ, ಇದನ್ನ ಸುಮ್ನೆ ಹೇಳ್ತಿಲ್ಲ. 1971ರಲ್ಲಿ ಅವ್ರು ಡರ್ಹಮ್‌ನ ಮೊದಲ ಮಹಿಳಾ ಪ್ರೊಫೆಸರ್ ಆದ್ರು, 1990ರಲ್ಲಿ ನಿವೃತ್ತಿ, ಆದ್ರೆ ಈ ಎರಡು ಮಠಗಳ ಪೂರ್ತಿ ವರದಿ ಹೊರಬಂದಿದ್ದು 2005 ಮತ್ತು 2006ರಲ್ಲಿ! ಅಷ್ಟು ವರ್ಷ ಆದ್ಮೇಲೂ ಬರೆಯೋಕಾಗಿದ್ದು ಯಾಕಂದ್ರೆ ಹಳೇ ದಾಖಲೆಗಳು ಉಳಿದಿದ್ವು. ಹಾಗಾಗಿ ನೋಟ್ಸನ್ನ ನಿಮಗಷ್ಟೇ ಅರ್ಥ ಆಗೋ ಹಾಗೆ ಬರೀಬೇಡಿ, ಇನ್ನೊಬ್ರು ಓದಿದ್ರೂ ತಿಳೀಬೇಕು.

ಯಾವತ್ತಾದ್ರೂ ಜ್ಯಾರೋಗೆ ಹೋದ್ರೆ ಸೇಂಟ್ ಪಾಲ್ ಚರ್ಚ್ ಒಳಗೆ 23 ಏಪ್ರಿಲ್ 685ರ ಪ್ರತಿಷ್ಠಾಪನೆ ಕಲ್ಲು ನೋಡಿ, ಆಮೇಲೆ ಹಳೇ ಭಾಗದಲ್ಲಿರೋ ಪುಟ್ಟ ಕಿಟಕಿ ಹತ್ರ ನಿಂತ್ಕೊಳ್ಳಿ, ಅಗೆದಾಗ ಸಿಕ್ಕ ಆ ಚೂರುಗಳನ್ನೇ ಜೋಡಿಸಿ ಅಲ್ಲಿ ಕೂರಿಸಿದಾರೆ, ಬಿಸಿಲು ಈಗ್ಲೂ ಅದರೊಳಗಿಂದ ಬರತ್ತೆ.