ಬಸುರಿಯ ಕಟ್ಟಿದ ಮೂಗು: ಮಾತ್ರೆಗೆ ಮೊದಲು ಉಪ್ಪುನೀರು

ನಾಲ್ಕನೇ ತಿಂಗಳು. ವಾಂತಿ ಈಗಷ್ಟೇ ನಿಂತಿದೆ. ಇನ್ನು ನೆಮ್ಮದಿಯಾಗಿ ಮಲಗಬಹುದು ಅಂದುಕೊಳ್ಳುವಷ್ಟರಲ್ಲಿ ಮೂಗು ಕಟ್ಟಿತು. ಈ ಮಗ್ಗುಲಾದರೆ ಈ ಹೊಳ್ಳೆ, ಆ ಮಗ್ಗುಲಾದರೆ ಆ ಹೊಳ್ಳೆ. ಔಷಧಿ ಡಬ್ಬದಲ್ಲಿ ಹಳೆಯ ನೆಗಡಿ ಮಾತ್ರೆ ಇದೆ. ನುಂಗೋದಾ, ಬೇಡವಾ? ಕೆಲವರು ಯೋಚಿಸದೆ ನುಂಗುತ್ತಾರೆ. ಕೆಲವರು ಏನನ್ನೂ ಮುಟ್ಟದೆ ತಿಂಗಳುಗಟ್ಟಲೆ ನಿದ್ದೆ ಕೆಡುತ್ತಾರೆ. ಎರಡೂ ಬೇಕಾಗಿಲ್ಲ.

ಹೆಜ್ಜೆ 1: ಕಾರಣ ಯಾವುದು ಅಂತ ನೋಡಿ

ಸೀನಿನ ಮೇಲೆ ಸೀನು, ಮೂಗಿನಲ್ಲಿ ತುರಿಕೆ, ಕಣ್ಣಲ್ಲೂ ಮೂಗಲ್ಲೂ ನೀರು ಅಂದರೆ ಅದು ಅಲರ್ಜಿ. ಕೆನ್ನೆ, ಹಣೆಯಲ್ಲಿ ಭಾರ, ಬಗ್ಗಿದರೆ ನೋವು, ಗಟ್ಟಿ ಸಿಂಬಳ, ಮೇಲಿನ ಹಲ್ಲುಗಳಲ್ಲಿ ಸೆಳೆತ ಇದ್ದರೆ ಸೈನಸ್ ಇರಬಹುದು.

ಇವೆರಡೂ ಅಲ್ಲದ ಇನ್ನೊಂದಿದೆ. ತುರಿಕೆ ಇಲ್ಲ, ಜ್ವರ ಇಲ್ಲ, ಮೂಗು ಮಾತ್ರ ವಾರಗಟ್ಟಲೆ ಕಟ್ಟಿಕೊಂಡೇ ಇರುತ್ತದೆ. ಬಸುರಿನಲ್ಲಿ ಮೈಯಲ್ಲಿ ರಕ್ತ ಜಾಸ್ತಿಯಾಗುತ್ತದೆ, ಹಾರ್ಮೋನುಗಳೂ ಏರುತ್ತವೆ. ಮೂಗಿನೊಳಗಿನ ತೆಳುಪೊರೆ ಊದಿಕೊಳ್ಳುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇದಕ್ಕೆ ಅಲರ್ಜಿ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಅದಕ್ಕೇ ಮೊದಲು ಕಾರಣ ಗುರುತಿಸಿ ಅನ್ನುವುದು.

ಹೆಜ್ಜೆ 2: ಉಪ್ಪುನೀರಿನಿಂದ ಮೂಗು ತೊಳೆಯಿರಿ

ಕಾರಣ ಮೂರರಲ್ಲಿ ಯಾವುದೇ ಇರಲಿ, ಶುರು ಮಾಡಬೇಕಾದ್ದು ಇಲ್ಲಿಂದ. ರಕ್ತಕ್ಕೆ ಸೇರುವ ಔಷಧಿ ಇದರಲ್ಲಿಲ್ಲ, ಹಾಗಾಗಿ ಮಗುವಿನ ಬಗ್ಗೆ ಚಿಂತೆಯೂ ಇಲ್ಲ.

ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ. ಕುಡಿದರೆ ಏನೂ ಮಾಡದ ಕೆಲವು ಸೂಕ್ಷ್ಮಜೀವಿಗಳು ಮೂಗಿನ ಮೂಲಕ ಒಳಗೆ ಹೋದರೆ ಮಿದುಳಿಗೇ ಸೋಂಕು ತರಬಲ್ಲವು. ಇದು ಅಪರೂಪ, ಆದರೆ ಬಂದರೆ ಪ್ರಾಣಕ್ಕೇ ಕುತ್ತು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ 1 ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. 240 ಮಿ.ಲೀ. ನೀರಿಗೆ ಕಾಲು ಟೀ ಚಮಚದಿಂದ ಅರ್ಧ ಟೀ ಚಮಚದಷ್ಟು ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ ಸಾಕು. ಉರಿದರೆ ಉಪ್ಪು ಕಡಿಮೆ ಮಾಡಿ.

ಸಿಂಕಿನ ಮೇಲೆ ಬಗ್ಗಿ, ತಲೆಯನ್ನು ಪಕ್ಕಕ್ಕೆ ವಾಲಿಸಿ. ಬಾಯಿ ತೆರೆದು ಬಾಯಿಂದಲೇ ಉಸಿರಾಡಿ. ಮೂತಿಯಿರುವ ಸಣ್ಣ ಪಾತ್ರೆಯಿಂದ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಟ್ಟರೆ ಕೆಳಗಿನ ಹೊಳ್ಳೆಯಿಂದ ಹೊರಗೆ ಬರುತ್ತದೆ. ಮೊದಲ ಸಲ ನೀರಿನಲ್ಲಿ ಮುಳುಗಿದ ಹಾಗೆ ಅನ್ನಿಸುತ್ತದೆ, ನಿಜ. ಮೂರನೇ ದಿನಕ್ಕೆ ಕೈ ಕೂಡುತ್ತದೆ. ಆಮೇಲೆ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸಿಂಬಳ ಸೀಟಿ ತೆಗೆಯಿರಿ. ದಿನಕ್ಕೆ ಒಂದೆರಡು ಸಲ ಸಾಕು. ಪಾತ್ರೆಯನ್ನು ಪ್ರತಿ ಸಲವೂ ತೊಳೆದು ಒಣಗಿಸಿಡಿ.

ಇಷ್ಟು ರಗಳೆ ಬೇಡ ಅನ್ನುವವರಿಗೆ ಅಂಗಡಿಯಲ್ಲಿ ಸಿಗುವ ಸಲೈನ್ ಸ್ಪ್ರೇ ಇದೆ.

ಹೆಜ್ಜೆ 3: ಮಲಗುವ ಕೋಣೆ ಸರಿ ಮಾಡಿಕೊಳ್ಳಿ

ತಲೆಯ ಕಡೆ ಎತ್ತರಿಸಿ ಮಲಗಿದರೆ ಮೂಗಿನ ಊತ ತಗ್ಗುತ್ತದೆ. ಧೂಳಿನ ಹುಳದ ಅಲರ್ಜಿ ಇದ್ದರೆ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಗುಡಿಸುವ, ಜಾಡಿಸುವ ಕೆಲಸ ಈಗ ಮನೆಯಲ್ಲಿ ಬೇರೆಯವರದ್ದು. ಸಿಗರೇಟಿನ ಹೊಗೆ ಹತ್ತಿರ ಸುಳಿಯಲೇಬಾರದು. ಹಬೆ ಬೇಕೆನಿಸಿದರೆ ಬಿಸಿನೀರಿನ ಸ್ನಾನದ ಹಬೆಯೇ ಸಾಕು. ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಹೊಟ್ಟೆ ತೊಡೆ ಸುಟ್ಟುಕೊಳ್ಳುವ ಸಾಹಸ ಬೇಡ.

ಹೆಜ್ಜೆ 4: ಔಷಧಿ ಬೇಕಾದರೆ ಕೇಳಿಯೇ ತೆಗೆದುಕೊಳ್ಳಿ

ಅಲರ್ಜಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಸೆಟಿರಿಜಿನ್ ಅಥವಾ ಲೊರಾಟಡಿನ್. ಬಸುರಿಯರಲ್ಲಿ ಇವುಗಳ ಬಳಕೆಯ ಅನುಭವ ಸಾಕಷ್ಟಿದೆ. ಮೂಗಿಗೆ ಹಾಕುವ ಸ್ಟೆರಾಯ್ಡ್ ಸ್ಪ್ರೇ ಅಂದರೆ ಹಲವರು ಬೆಚ್ಚುತ್ತಾರೆ. ಆದರೆ ಅದರಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಈ ಸ್ಪ್ರೇಗಳಲ್ಲಿ ಬುಡೆಸೊನೈಡ್ ಬಗ್ಗೆ ಹೆಚ್ಚು ಮಾಹಿತಿ ಇರುವುದರಿಂದ ಅದನ್ನೇ ಮೊದಲು ಆರಿಸುವವರು ಜಾಸ್ತಿ. ಇದು ಒಂದೇ ದಿನಕ್ಕೆ ಕೆಲಸ ಮಾಡುವುದಿಲ್ಲ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಸ್ಪ್ರೇಯ ತುದಿ ಮೂಗಿನ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ ಮುಖ ಮಾಡಿರಲಿ. ಇಲ್ಲವಾದರೆ ರಕ್ತ ಬರಬಹುದು.

ನೋವಿಗೆ ಪ್ಯಾರಾಸಿಟಮಾಲ್, ಬೇಕಾದಷ್ಟೇ, ಬೇಕಾದಷ್ಟೇ ದಿನ. ಐಬುಪ್ರೊಫೆನ್ ಸುಮ್ನೆ ತೆಗೆದುಕೊಳ್ಳುವ ಮಾತ್ರೆಯಲ್ಲ. 20 ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಲ್ಲದು.

ಆ ಡಬ್ಬದ ಹಳೆಯ ನೆಗಡಿ ಮಾತ್ರೆಗೆ ಬರೋಣ. ಅದರ ಪಟ್ಟಿಯ ಹಿಂಬದಿಯಲ್ಲಿರುವ ಬರಹ ಓದಿ. ಒಂದೇ ಮಾತ್ರೆಯಲ್ಲಿ ಮೂರು ನಾಲ್ಕು ಔಷಧಿ ತುಂಬಿರುತ್ತವೆ. ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್‌ನಂಥವು ರಕ್ತನಾಳಗಳನ್ನು ಬಿಗಿಯುತ್ತವೆ. ಮೊದಲ ಮೂರು ತಿಂಗಳಲ್ಲಿ ಇವು ಬೇಡ. ಬಿ.ಪಿ. ಇರುವವರಿಗಂತೂ ಯಾವಾಗಲೂ ಬೇಡ. ಪ್ಯಾರಾಸಿಟಮಾಲ್ ಕೂಡ ಅದರಲ್ಲೇ ಅಡಗಿರುವುದರಿಂದ ಗೊತ್ತಿಲ್ಲದೆ ಎರಡು ಪಟ್ಟು ನುಂಗಿದಂತಾಗುತ್ತದೆ. ನನ್ನನ್ನು ಕೇಳಿದರೆ ಆ ಮಾತ್ರೆಯ ಪಟ್ಟಿಯನ್ನು ಬಸುರಿ ಇರುವ ಮನೆಯಲ್ಲಿ ಕೈಗೆ ಸಿಗದಂತೆ ಇಡುವುದೇ ಒಳ್ಳೆಯದು. ಕ್ಷಣದಲ್ಲಿ ಮೂಗು ಬಿಡಿಸುವ ಹನಿಗಳದ್ದೂ ಒಂದು ಕಥೆ. 3 ದಿನ ದಾಟಿದರೆ ಹನಿ ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟಬಹುದು. ಗಿಡಮೂಲಿಕೆ ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲೂ ಅಲ್ಲ.

ಮೊದಲಿನಿಂದ ಆಸ್ತಮಾಕ್ಕೆ ಇನ್ಹೇಲರ್ ಬಳಸುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲುವುದಿಲ್ಲ, ಅಲ್ವಾ? ಅಲರ್ಜಿ ಇಂಜೆಕ್ಷನ್ ಚಿಕಿತ್ಸೆಯನ್ನು ಬಸುರಿನಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ. ಮೊದಲೇ ನಡೆಯುತ್ತಿದ್ದರೆ ಡೋಸ್ ಏರಿಸದೆ ಮುಂದುವರಿಸಬಹುದು.

ಹೆಜ್ಜೆ 5: ಯಾವಾಗ ಕಾಯಬಾರದು

ಸಿಂಬಳ ಹಸಿರಾಯಿತು ಅಂತ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ಹೆಚ್ಚಿನ ಸೈನಸ್ ತೊಂದರೆ ವೈರಸ್‌ನಿಂದ ಬಂದದ್ದು. 10 ದಿನವಾದರೂ ಇಳಿಯದಿದ್ದರೆ, ಇಳಿದು ಮತ್ತೆ ಏರಿದರೆ, ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ವೈದ್ಯರ ಹತ್ತಿರ ಹೋಗಿ. ಬಸುರಿನಲ್ಲಿ ಕೊಡಬಹುದಾದ ಅಮಾಕ್ಸಿಸಿಲಿನ್‌ನಂಥ ಔಷಧಿಗಳಿವೆ. ಡಾಕ್ಸಿಸೈಕ್ಲಿನ್ ಮಾತ್ರ ಬೇಡ. ಅದರ ಜಾತಿಯ ಔಷಧಿಗಳು ಮಗುವಿನ ಹಲ್ಲಿನ ಬಣ್ಣ ಕೆಡಿಸುತ್ತವೆ.

ಕಣ್ಣಿನ ಸುತ್ತ ಊತ, ಕತ್ತು ಬಿಗಿತ, ಉಸಿರಾಟಕ್ಕೆ ಕಷ್ಟ ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. 20 ವಾರ ದಾಟಿದ ಮೇಲೆ ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಬಂದರೆ ಅದನ್ನು ಸೈನಸ್ ಅಂತ ನೀವೇ ತೀರ್ಮಾನಿಸಬೇಡಿ. ಅದು ಬಸುರಿನ ಬಿ.ಪಿ. ಕಾಯಿಲೆ ಇರಬಹುದು. ಆ ದಿನವೇ ಬಿ.ಪಿ. ನೋಡಿಸಿ. 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂಗಿನ ಮಾತು ಆಮೇಲೆ.

ಹಾರ್ಮೋನಿನಿಂದ ಕಟ್ಟಿದ ಮೂಗಾದರೆ ಹೆರಿಗೆಯಾದ 2 ವಾರದೊಳಗೆ ತಾನಾಗಿಯೇ ಬಿಡುತ್ತದೆ. ಆಗ ನಿದ್ದೆ ಕೆಡಿಸಲು ಬೇರೆಯವರು ಬಂದಿರುತ್ತಾರೆ.