ಭತ್ತದ ರಾಶಿ ದಾಟಿ ಸಾಣಾಪುರಕ್ಕೆ: ಹೊಸ ಬೈಕ್ ಸವಾರರು ಆರಾಮಾಗಿ ಹೋಗಿಬರುವುದು ಹೇಗೆ?

ಬೈಕ್ ಕಲಿತು ಎರಡು ತಿಂಗಳಾದ ಗಂಗಾವತಿ ಕಡೆಯವರು ಮೊದಲು ಹೊರಡುವುದು ಆನೆಗೊಂದಿ, ಅಂಜನಾದ್ರಿ ಹಾದು ಸಾಣಾಪುರ ಕೆರೆಗೆ. ಸುಮಾರು 20 ಕಿ.ಮೀ. ದಾರಿ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆಗುಡ್ಡ. ಕೊಯ್ಲಿನ ದಿನಗಳಲ್ಲಿ ಇದೇ ರಸ್ತೆ ಬದಿಯಲ್ಲಿ ಮೊಣಕಾಲು ತರಚಿಕೊಂಡು ಕೂತ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ. ಹೋದ ಸಲ ಕೂತಿದ್ದವನು ನನ್ನ ತಂಗಿ ಮಗ.

ಹಿಂದಿನ ದಿನ ಗಾಳಿ ನೋಡಿಸಿ, ಅದೂ ಟೈರ್ ತಣ್ಣಗಿರುವಾಗ. ಓಡಿಸಿ ಬಿಸಿಯಾದರೆ ಮೀಟರ್ ಜಾಸ್ತಿ ತೋರಿಸುತ್ತದೆ. ಎಷ್ಟಿರಬೇಕು ಎಂದು ಬೈಕಿನ ಪುಸ್ತಕದಲ್ಲಿ ಬರೆದಿರುತ್ತದೆ, ಗಾಳಿ ಹಾಕುವ ಹುಡುಗನನ್ನು ಕೇಳಬೇಡಿ. ವಾಷಿಂಗ್ ಅಂಗಡಿಯಲ್ಲಿ ಟೈರ್‌ಗೆ ಹೊಳಪಿನ ಎಣ್ಣೆ ಬಳಿಯಲು ಬಂದರೆ ಬೇಡ ಎನ್ನಿ. ನೆಲಕ್ಕೆ ತಾಗುವ ಭಾಗಕ್ಕೆ ಅದು ಹತ್ತಿದರೆ ಜಾರುವುದು ಗ್ಯಾರಂಟಿ.

ಹೆಲ್ಮೆಟ್ ಐಎಸ್‌ಐ ಗುರುತಿನದೇ ಇರಲಿ, ಪಟ್ಟಿ ಬಿಗಿದಿರಲಿ. ರಸ್ತೆ ಬದಿ ಮಾರುವ ಅರ್ಧ ಚಿಪ್ಪಿನ ಹೆಲ್ಮೆಟ್ ಬೇಡ. ಹಿಂದೆ ಗೆಳೆಯನನ್ನು ಕೂರಿಸಬೇಡಿ. ಬೆಳಿಗ್ಗೆ ಆರಕ್ಕೆ ಹೊರಡಿ. ಶನಿವಾರ ಬೇಡವೇ ಬೇಡ, ಅಂಜನಾದ್ರಿ ಕೆಳಗೆ ಜನಜಾತ್ರೆ.

ಈಗ ಭತ್ತದ ವಿಷಯ. ರೈತರು ಕಾಳನ್ನು ಟಾರ್ ರಸ್ತೆ ಮೇಲೆ ಹರವಿ ಒಣಗಿಸುತ್ತಾರೆ, ಅಂಚಿಗೆ ಕಲ್ಲು ಇಡುತ್ತಾರೆ. ಕಾಳು ಟೈರ್ ಕೆಳಗೆ ಗೋಲಿಯಂತೆ ಉರುಳುತ್ತದೆ. ಹೊಸಬರು ಅದರ ಮೇಲೆ ಹೋದ ಕೂಡಲೇ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿಯುತ್ತಾರೆ. ಹ್ಯಾಂಡಲ್ ಸ್ವಲ್ಪ ತಿರುಗಿದ್ದರೂ ಸಾಕು, ಮುಂದಿನ ಚಕ್ರ ಜಾರಿ ಬೈಕ್ ಮಲಗುತ್ತದೆ. ನಮ್ಮ ಹುಡುಗ ಬಿದ್ದದ್ದೂ ಹೀಗೇ, 30ರ ವೇಗದಲ್ಲಿ.

ಬ್ರೇಕ್ ಏನಿದ್ದರೂ ಭತ್ತಕ್ಕೆ ಮೊದಲೇ ಹಿಡಿಯಬೇಕು. ದೂರದಲ್ಲಿ ಹಳದಿ ಪಟ್ಟೆ ಕಂಡ ಕೂಡಲೇ, ಬೈಕ್ ನೇರ ಇರುವಾಗಲೇ, ಎರಡೂ ಬ್ರೇಕನ್ನು ಮೆಲ್ಲಗೆ ಹಿಂಡುತ್ತಾ ಬನ್ನಿ. ಎರಡನೇ ಗೇರಿಗೆ ಇಳಿಸಿ. ಎದುರು ಯಾರೂ ಇಲ್ಲದಿದ್ದರೆ ಖಾಲಿ ಕಡೆಯಿಂದ ದಾಟಿ. ಲಾರಿ ಬರುತ್ತಿದ್ದರೆ ನಿಂತುಬಿಡಿ, ಅವಸರವೇನಿಲ್ಲ ಅಲ್ವಾ? ಕಾಳಿನ ಮೇಲೆ ಹೋಗಲೇಬೇಕಾದರೆ ಹ್ಯಾಂಡಲ್ ನೇರ, ಎಕ್ಸಲರೇಟರ್ ಒಂದೇ ಸಮ, ಬ್ರೇಕ್ ಮುಟ್ಟಬೇಡಿ. ಕಣ್ಣು ಕಾಳಿನ ಮೇಲಲ್ಲ, ಅದರಾಚೆಯ ಖಾಲಿ ಟಾರಿನ ಮೇಲಿರಲಿ. ಕಣ್ಣು ಎಲ್ಲಿಗೋ ಬೈಕ್ ಅಲ್ಲಿಗೆ.

'ನನ್ನ ಬೈಕಿಗೆ ಎಬಿಎಸ್ ಇದೆ ಅಂಕಲ್' ಎನ್ನುವವರಿದ್ದಾರೆ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಉರುಳುವ ಕಾಳಿಗೆ ಹಿಡಿತ ತಂದುಕೊಡುವುದಿಲ್ಲ. 2019ರಿಂದ ಬಂದ 125 ಸಿಸಿವರೆಗಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸಿಬಿಎಸ್ ಇರುತ್ತದೆ. ಅಂದರೆ ಹಿಂದಿನ ಬ್ರೇಕ್ ಒತ್ತಿದರೂ ಮುಂದಿನದು ಸ್ವಲ್ಪ ಹಿಡಿಯುತ್ತದೆ. ಇದು ಗೊತ್ತಿಲ್ಲದೆ 'ಬರೀ ಹಿಂದಿನದೇ ಒತ್ತಿದೆ' ಎಂದು ಬಿದ್ದವರೂ ಉಂಟು. ಯಾವುದಾದರೂ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಬ್ರೇಕ್ ಅಭ್ಯಾಸ ಮಾಡಿ, ನಿಮ್ಮ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳಿ.

ತಿರುವಿಗೂ ಇದೇ ಲೆಕ್ಕ: ವೇಗ ಮೊದಲೇ ಇಳಿಸಿ, ಆಮೇಲೆ ತಿರುಗಿಸಿ. ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರಿಗೂ ಅಷ್ಟೇ. ಕುರಿ ಹಿಂಡು ಅಡ್ಡ ಬಂದರೆ ಹಾರ್ನ್ ಹೊಡೆಯದೆ ಸುಮ್ನೆ ನಿಲ್ಲಿ.

ಆನೆಗೊಂದಿಯಲ್ಲಿ ಮಂಡಕ್ಕಿ ವಗ್ಗರಣಿ-ಮಿರ್ಚಿ ತಿನ್ನಿ. ಕೆರೆ ಹತ್ತಿರ ಮಣ್ಣಿನಲ್ಲಿ ನಿಲ್ಲಿಸಿದರೆ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡಿ, ಇಲ್ಲದಿದ್ದರೆ ಹೂತು ಗಾಡಿ ಉರುಳುತ್ತದೆ.

ಒಂಬತ್ತರೊಳಗೆ ವಾಪಸ್ ಹೊರಡಿ. ಬೆಳಿಗ್ಗೆ ಹೋಗುವಾಗ ತಾಡಪಾಲು ಹೊದ್ದು ಬದಿಗಿದ್ದ ರಾಶಿಗಳನ್ನು ಬಿಸಿಲೇರುತ್ತಿದ್ದಂತೆ ಬಿಚ್ಚಿ ಅರ್ಧ ರಸ್ತೆಗೆ ಹರವಿರುತ್ತಾರೆ. ಭತ್ತ ಎತ್ತಿಕೊಂಡು ಹೋದ ಕಡೆ ಅಂಚಿನ ಕಲ್ಲು ಅಲ್ಲೇ ಬಿದ್ದಿರುತ್ತದೆ.